ಹೈಡೆಲ್‌ಬರ್ಗಿನ ಪೀಪಾಯಿ, ವುಂಡರ್‌ಲಿಶ್‌ನ ಎರಡು ಸಿಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತ ಕಲಿತವಳಲ್ಲ. ಹೈಡೆಲ್‌ಬರ್ಗಿನಲ್ಲಿ ವಯಸ್ಸಾದವರ ವಾರ್ಡಿನಲ್ಲಿ ನರ್ಸ್. ಊರು ಉಡುಪಿ. ಜರ್ಮನಿಗೆ ಬಂದು ಒಂಬತ್ತು ವರ್ಷ ಆಯಿತು. ಈಗ ಬರೆಯುತ್ತಿರುವುದು ಎರಡು ಸಿಡಿಗಳ ಬಗ್ಗೆ. ಎರಡನ್ನೂ ಹಾಡಿದವನು ಜರ್ಮನಿಯ ಟೆನರ್, ಅಂದರೆ ಏರುದನಿಯ ಗಂಡು ಹಾಡುಗಾರ, ಫ್ರಿಟ್ಸ್ ವುಂಡರ್‌ಲಿಶ್. ಎರಡರಲ್ಲೂ ಮುಖ್ಯವಾಗಿ ಇರುವುದು ಸಂಗೀತಕಾರ ಶೂಮನ್ನನ ಹಾಡುಮಾಲೆ ‘ಡಿಶ್ಟರ್‌ಲೀಬೆ’, ಅಂದರೆ ಕವಿಯ ಪ್ರೀತಿ. ಒಂದು 1965ರಲ್ಲಿ ಮ್ಯೂನಿಕ್‌ನಲ್ಲಿ ರೆಕಾರ್ಡ್ ಆದದ್ದು. ಇನ್ನೊಂದು 1966ರ ಸೆಪ್ಟೆಂಬರ್ 4ರಂದು ಎಡಿನ್‌ಬರೋದಲ್ಲಿ ಜನರ ಮುಂದೆ ಹಾಡಿದ್ದು. ಅದಾಗಿ ಎರಡು ವಾರ ತುಂಬುವ ಮೊದಲೇ ಅವನು ತೀರಿಹೋದ. ವಯಸ್ಸು 35.

ಏಕವಚನ ಯಾಕೆ ಅಂದರೆ, ನನಗೆ ಈಗ 41. ಅವನು ಯಾವತ್ತಿಗೂ ನನ್ನ ತಮ್ಮನ ವಯಸ್ಸಿನವನೇ. ಬಹುವಚನದಲ್ಲಿ ಬರೆದು ನೋಡಿದೆ, ಯಾರೋ ಡಾಕ್ಟರ ಬಗ್ಗೆ ಬರೆದ ಹಾಗಿತ್ತು. ಅಳಿಸಿಬಿಟ್ಟೆ.

ಅವನ ದನಿ ನನಗೆ ಸಿಕ್ಕಿದ್ದು ಕೆಳಗಿನ ಮನೆಯ ಅಜ್ಜಿಯಿಂದ. ಅವರಿಗೆ 87. ಡಿಸೆಂಬರಿನಲ್ಲಿ ಒಂದು ಸಂಜೆ ಅವರ ಮನೆಗೆ ಬೆಳಕಿನ ಬಲ್ಬ್ ಹಾಕಿಕೊಡಲು ಹೋಗಿದ್ದೆ. ಬಾಖ್‌ನ ಕ್ರಿಸ್‌ಮಸ್ ಓರಟೋರಿಯೊ, ಅಂದರೆ ಬೈಬಲ್ ಕತೆಯನ್ನು ಹಾಡಿನಲ್ಲಿ ಹೇಳುವ ಸಂಗೀತ, ಹಾಕಿದ್ದರು. ಕಾರ್ಲ್ ರಿಶ್ಟರ್ ನಡೆಸಿದ 1965ರ ರೆಕಾರ್ಡಿಂಗ್. ನಾನು ಕುರ್ಚಿ ಮೇಲೆ ನಿಂತು ಬಲ್ಬ್ ತಿರುಗಿಸುತ್ತಿದ್ದೆ. ಒಂದು ಗಂಡು ದನಿ ಕತೆ ಹೇಳುತ್ತಿತ್ತು. ಯೋಸೇಫ ಮರಿಯಳನ್ನು ಕರೆದುಕೊಂಡು ಬೆತ್ಲೆಹೇಮಿಗೆ ಹೊರಟ ಕತೆ. ನಮ್ಮ ಕಡೆ ಯಕ್ಷಗಾನದಲ್ಲಿ ಭಾಗವತರು ಕತೆ ಎತ್ತಿಕೊಂಡು ಹೋಗುತ್ತಾರಲ್ಲ, ಅಂಥ ಕೆಲಸ. ಅಬ್ಬರ ಇಲ್ಲ. ಒಂದೊಂದು ಅಕ್ಷರವೂ ಬಿಡಿಯಾಗಿ ಕಿವಿಗೆ ಬೀಳುತ್ತದೆ. ನನ್ನ ಜರ್ಮನ್ ಆಫೀಸಿಗೂ ವಾರ್ಡಿಗೂ ಸಾಕು, ಹಾಡಿಗೆ ಸಾಲದು ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಇವನು ಹಾಡಿದ್ದು ಪೂರ್ತಿ ಅರ್ಥವಾಯಿತು!

ಆಮೇಲೆ ಕೋರಸ್ ಬಂತು. ಆ ರಾಗ ನನಗೆ ಗೊತ್ತಿತ್ತು. ಉಡುಪಿಯಲ್ಲಿ ನಮ್ಮದು ಬಾಸೆಲ್ ಮಿಷನ್ ಕಾಲದ ಇಗರ್ಜಿ. ಜರ್ಮನ್ ರಾಗಕ್ಕೆ ಕನ್ನಡ ಮಾತು ಹೊಂದಿಸಿದ ಗೀತೆಗಳನ್ನು ಹಾಡಿಕೊಂಡೇ ಬೆಳೆದವರು ನಾವು. ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

“ಇದು ಶುಭ ಶುಕ್ರವಾರದ ರಾಗ ಅಲ್ವಾ ಮಗಾ? ಕ್ರಿಸ್‌ಮಸ್ಸಿಗೆ ಯಾಕೆ ಹಾಡ್ತಾರೆ ಇವರು?”

ಅಜ್ಜಿಯನ್ನು ಕೇಳಿದೆ. ಅದು ಮೊದಲು ಹಾಸ್ಲರ್ ಎಂಬವನು 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯ ರಾಗವಂತೆ. ಆಮೇಲೆ ಶಿಲುಬೆಯ ಹಾಡಾಯಿತು, ಬಾಖ್ ಅದನ್ನು ಕ್ರಿಸ್‌ಮಸ್ಸಿಗೂ ತಂದ. ಅಮ್ಮನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ.

ಇರಲಿ, ಸಿಡಿಗೆ ಬರೋಣ. ಮ್ಯೂನಿಕ್‌ನ ಸಿಡಿ ಡಾಯ್ಚ ಗ್ರಾಮೊಫೋನ್‌ನದು, ಹಳದಿ ಲೇಬಲ್. ಪಿಯಾನೊ ಹೂಬರ್ಟ್ ಗೀಸನ್. ಮೊದಲು ಡಿಶ್ಟರ್‌ಲೀಬೆಯ 16 ಹಾಡು. ಆಮೇಲೆ ಬೀಟೋವನ್‌ನ ನಾಲ್ಕು, ಕೊನೆಗೆ ಶೂಬರ್ಟ್. ಹೊಸದು ಕೊಳ್ಳಬಹುದಿತ್ತು. ಸ್ವಲ್ಪ ದುಡ್ಡು ಉಳಿಸೋಣ ಅಂತ ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ತರಿಸಿದೆ. ಮಾರಿದವರು ಯಾರು ಅಂತ ಹೇಳುವುದಿಲ್ಲ. ‘ಬಹಳ ಒಳ್ಳೆಯ ಸ್ಥಿತಿ’ ಅಂತ ಬರೆದಿದ್ದರು. ಬಂದದ್ದು ನೋಡಿದರೆ ಡಬ್ಬಿಯ ಕೀಲು ಮುರಿದಿದೆ, ಪುಸ್ತಿಕೆಯೇ ಇಲ್ಲ. ಬರೀ ಮುಂದಿನ ಚಿತ್ರದ ಹಾಳೆಯನ್ನು ಕತ್ತರಿಸಿ ಸಿಕ್ಕಿಸಿದ್ದಾರೆ. ಡಿಸ್ಕ್ ಮಾತ್ರ ಚೆನ್ನಾಗಿತ್ತು, ಒಂದು ಗೀರೂ ಇಲ್ಲ. ಹಾಗಾಗಿ ವಾಪಸ್ ಕಳಿಸಲಿಲ್ಲ. ಆದರೆ ಇಂಥ ಹಾಡಿಗೆ ಪುಸ್ತಿಕೆ ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ‘ಪುಸ್ತಿಕೆ ಇದೆಯಾ’ ಅಂತ ಮೊದಲು ಕೇಳಿ.

ಶೂಮನ್ ಇದನ್ನು ಬರೆದದ್ದು 1840ರಲ್ಲಿ, ಕ್ಲಾರಾಳನ್ನು ಮದುವೆಯಾದ ವರ್ಷ. ಪದ್ಯಗಳು ಜರ್ಮನ್ ಕವಿ ಹೈನೆಯವು. ಸುಲಭದ ಪದಗಳು. ಮೇ ತಿಂಗಳು, ಮೊಗ್ಗು, ಹಕ್ಕಿ, ಕಣ್ಣೀರು, ಕನಸು. ಭಾಷೆಯ ಪರೀಕ್ಷೆಗೆ ಓದುವಾಗ ನಾನು ಬಾಯಿಪಾಠ ಮಾಡಿದ ಪದಗಳೇ. ಹುಡುಗ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳು ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ಇವನು ‘ನನಗೇನೂ ಸಿಟ್ಟಿಲ್ಲ’ ಅಂತ ಸಿಟ್ಟಿನಿಂದ ಹೇಳುತ್ತಾನೆ. ಕತೆ ಇಷ್ಟೇ. ಹದಿನಾರೂ ಹಾಡು ಮುಗಿಯಲು ಅರ್ಧ ಗಂಟೆ ಸಾಕು. ಕೆಲವು ಹಾಡು ಒಂದು ನಿಮಿಷವೂ ಇಲ್ಲ.

ಮೊದಲ ಹಾಡು ಕೇಳಿ. ಪಿಯಾನೊ ಶುರುವಾಗುವ ರೀತಿಯೇ ಬೇರೆ. ಯಾರೋ ಆಗಲೇ ಅರ್ಧ ಮಾತಾಡಿದ್ದಾರೆ, ನಾವು ತಡವಾಗಿ ಒಳಗೆ ಬಂದಿದ್ದೇವೆ ಅನ್ನಿಸುತ್ತದೆ. ಕೊನೆಯೂ ಹಾಗೇ. ಮುಗಿಯಿತು ಅನ್ನಿಸುವುದಿಲ್ಲ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇಲ್ಲದ ಹಾಗೆ, ಕಾಲು ಗಾಳಿಯಲ್ಲಿ. ವುಂಡರ್‌ಲಿಶ್ ಇಲ್ಲಿ ದನಿಯನ್ನು ತಳ್ಳುವುದೇ ಇಲ್ಲ. ಮೇಲೆ ಹೋಗಬೇಕಾದಲ್ಲಿ ಸುಮ್ನೆ ಹೋಗುತ್ತಾನೆ. ಎಲ್ಲಿ ಉಸಿರು ಎಳೆದ ಅಂತ ಹುಡುಕಿದರೂ ಸಿಗುವುದಿಲ್ಲ.

ಉಸಿರಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಗೊತ್ತು. ಆಪರೇಶನ್ ಆದವರ ಕೈಗೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವೆ, ನೋಡಿರುತ್ತೀರಿ. ನಮ್ಮೂರ ಆಸ್ಪತ್ರೆಗಳಲ್ಲೂ ಇದೆ. ನಳಿಕೆಯಿಂದ ಉಸಿರು ಎಳೆದರೆ ಚೆಂಡು ಮೇಲೇಳಬೇಕು. ಜೋರಾಗಿ ಎಳೆದರೆ ಮೂರೂ ಒಮ್ಮೆಲೇ ಟಕ್ ಅಂತ ಮೇಲೆ ಹೋಗಿ ಬಿದ್ದುಬಿಡುತ್ತವೆ. ಅದರಿಂದ ಪ್ರಯೋಜನ ಇಲ್ಲ. ಒಂದೋ ಎರಡೋ ಚೆಂಡನ್ನು ಮೇಲೆ ಹಿಡಿದು ನಿಲ್ಲಿಸಬೇಕು, ಅದೇ ಕಷ್ಟ. ಬಲ ಇದ್ದವರೆಲ್ಲ ಇಲ್ಲಿ ಸೋಲುತ್ತಾರೆ. ವುಂಡರ್‌ಲಿಶ್ ಹಾಡುವಾಗ ನನಗೆ ಆ ಚೆಂಡೇ ಕಾಣುತ್ತದೆ. ಮೇಲೆ ನಿಂತಿದೆ, ಅಲುಗುವುದಿಲ್ಲ.

ಅದು ಸುಮ್ಮನೆ ಬಂದದ್ದಲ್ಲ. ಅವನು ಹುಟ್ಟಿದ್ದು 1930ರ ಸೆಪ್ಟೆಂಬರ್ 26, ಪ್ಫಾಲ್ಸ್ ಸೀಮೆಯ ಕೂಸೆಲ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಸಂಗೀತದವರು, ಅಮ್ಮ ಪಿಟೀಲು ನುಡಿಸುತ್ತಿದ್ದಳು. ಹುಡುಗನಿಗೆ ಐದು ವರ್ಷ ಆಗಿದ್ದಾಗ ಅಪ್ಪ ಆತ್ಮಹತ್ಯೆ ಮಾಡಿಕೊಂಡ. ಅಮ್ಮ ಸಂಗೀತ ಪಾಠ ಹೇಳಿಕೊಟ್ಟು ಮನೆ ನಡೆಸಿದಳು. ಹುಡುಗ ಅಕಾರ್ಡಿಯನ್, ಟ್ರಂಪೆಟ್, ಹಾರ್ನ್, ಸಿಕ್ಕಿದ್ದನ್ನೆಲ್ಲ ಕಲಿತ. ಬೇಕರಿಯಲ್ಲಿ ಕೆಲಸ ಮಾಡಿದ. ಡಾನ್ಸ್ ಬ್ಯಾಂಡುಗಳಲ್ಲಿ ನುಡಿಸಿದ. 1950ರಲ್ಲಿ ಫ್ರೈಬರ್ಗ್‌ನ ಸಂಗೀತ ಕಾಲೇಜಿಗೆ ಸೇರಿ ಹಾರ್ನ್ ಮತ್ತು ಹಾಡು ಎರಡನ್ನೂ ಓದಿದ. ಹಾಡಿನ ಗುರು ಮಾರ್ಗರೇಟೆ ಫಾನ್ ವಿಂಟರ್‌ಫೆಲ್ಟ್. ಓದಿನ ಖರ್ಚಿಗೆ ಆಗಲೂ ರಾತ್ರಿ ಡಾನ್ಸ್ ಸಂಗೀತವೇ. ಹಾರ್ನ್ ಅಂದರೆ ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ. ಊದುವುದು ಬಹಳ ಕಷ್ಟವಂತೆ. ನಮ್ಮ ಮೂರು ಚೆಂಡಿನ ಡಬ್ಬಿ ಅದರ ಮುಂದೆ ಆಟಿಕೆ.

ನನ್ನ ಒಂದು ರಜೆಯ ದಿನ ಕೂಸೆಲ್‌ಗೆ ಹೋಗಿಬಂದೆ. ಮಾನ್‌ಹೈಮ್, ಕೈಸರ್ಸ್‌ಲೌಟರ್ನ್ ದಾಟಿ ಹೋಗಬೇಕು. ರೈಲು ಅಲ್ಲಿಗೇ ಮುಗಿಯುತ್ತದೆ. ಊರಿನ ಸಭಾಭವನಕ್ಕೆ ಅವನ ಹೆಸರು. ಹಳೆಯ ರೈಲು ದಾರಿಯ ಮೇಲೆ ಮಾಡಿದ ಸೈಕಲ್ ದಾರಿಗೂ ಅವನದೇ ಹೆಸರು. ಅಂದು ಮಳೆ. ಸೈಕಲ್ ದಾರಿಯಲ್ಲಿ ನಾಯಿ ಕರೆದುಕೊಂಡು ಬಂದ ಒಬ್ಬ ಗಂಡಸು ಬಿಟ್ಟರೆ ಯಾರೂ ಇರಲಿಲ್ಲ. ಒಪೆರಾ ಹಾಡುಗಾರನ ಹೆಸರಿನಲ್ಲಿ ಸೈಕಲ್ ದಾರಿ! ನಮ್ಮಲ್ಲಾದರೆ ಸರ್ಕಲ್ ಒಂದಕ್ಕೆ ಹೆಸರಿಟ್ಟು ಬೋರ್ಡ್ ಮೇಲೆ ಬೋರ್ಡ್ ಹಾಕುತ್ತಿದ್ದರು. ಅಂದ ಹಾಗೆ ವುಂಡರ್‌ಲಿಶ್ ಅನ್ನುವ ಪದಕ್ಕೆ ಜರ್ಮನ್‌ನಲ್ಲಿ ‘ವಿಚಿತ್ರ’ ಅಂತ ಅರ್ಥ. ನಮ್ಮ ವಾರ್ಡಿನಲ್ಲಿ ಮರೆವಿನ ಕಾಯಿಲೆಯವರ ಬಗ್ಗೆ ಮನೆಯವರು ಮೆಲ್ಲಗೆ ಇದೇ ಪದ ಹೇಳುತ್ತಾರೆ. ಇತ್ತೀಚೆಗೆ ಅಪ್ಪ ಸ್ವಲ್ಪ ವುಂಡರ್‌ಲಿಶ್ ಆಗಿದ್ದಾರೆ, ಅಂತ.

1955ರಲ್ಲಿ ಅವನು ಸ್ಟುಟ್‌ಗಾರ್ಟ್ ಒಪೆರಾಕ್ಕೆ ಸೇರಿದ. ಮೊದಲು ಸಣ್ಣ ಪಾತ್ರ. ಹಿರಿಯ ಟೆನರ್ ಯೋಸೆಫ್ ಟ್ರಾಕ್ಸೆಲ್ ಹಾಡಬೇಕಿದ್ದ ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದ ನಾಯಕ ಟಮೀನೊನ ಪಾತ್ರವನ್ನು ಬದಲಿಯಾಗಿ ಹಾಡಿದ. ಮತ್ತೆ ಹಿಂದೆ ನೋಡಲಿಲ್ಲ. ಹೊಸಬನಿಗೆ ಅವಕಾಶ ಸಿಗಲಿ ಅಂತ ಟ್ರಾಕ್ಸೆಲ್ ಬೇಕೆಂದೇ ಹುಷಾರಿಲ್ಲ ಅಂದರು ಅಂತ ಕತೆ ಇದೆ. ನಿಜವೋ ಸುಳ್ಳೋ, ಕೇಳಲು ಚೆನ್ನಾಗಿದೆ. ನಮ್ಮಲ್ಲಿ ‘ಹುಷಾರಿಲ್ಲ’ ಅಂದ ಸಹೋದ್ಯೋಗಿಯ ಡ್ಯೂಟಿ ಮಾಡಿ ನನಗೆ ಸಿಕ್ಕಿದ್ದು ಬೆನ್ನುನೋವು ಮಾತ್ರ. ಅದೇ ಒಪೆರಾದಲ್ಲಿ ಹಾರ್ಪ್ ನುಡಿಸುತ್ತಿದ್ದ ಏವಾಳನ್ನು 1956ರಲ್ಲಿ ಮದುವೆಯಾದ. ಮೂವರು ಮಕ್ಕಳು. ಮುಂದೆ ಫ್ರಾಂಕ್‌ಫರ್ಟ್, 1960ರಿಂದ ಮ್ಯೂನಿಕ್, ಆಮೇಲೆ ವಿಯೆನ್ನಾ. 1959ರಲ್ಲಿ ಸಾಲ್ಸ್‌ಬರ್ಗ್ ಉತ್ಸವ.

ಒಪೆರಾದಲ್ಲಿ ಅವನನ್ನು ಕೇಳಬೇಕು ಅನ್ನುವವರು ಬೇರೆ ಡಬ್ಬಿ ಕೊಳ್ಳಬೇಕು. 1964ರಲ್ಲಿ ಕಾರ್ಲ್ ಬ್ಯೋಮ್ ಬರ್ಲಿನ್ ಫಿಲ್‌ಹಾರ್ಮನಿಕ್ ವಾದ್ಯವೃಂದದ ಜೊತೆ ಮಾಡಿದ ‘ಮಾಯಾ ಕೊಳಲು’. ಇವನು ಟಮೀನೊ, ಡೀಟ್ರಿಶ್ ಫಿಷರ್-ಡೀಸ್ಕೌ ಹಕ್ಕಿ ಹಿಡಿಯುವವನು. ಟಮೀನೊ ಹುಡುಗಿಯ ಚಿತ್ರ ನೋಡಿ ಹಾಡುವ ಹಾಡು ಒಂದಿದೆ. ಹುಡುಗಿಯನ್ನು ಇನ್ನೂ ನೋಡಿಯೇ ಇಲ್ಲ, ಬರೀ ಫೋಟೊ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಫೋಟೊ ಕೈಗೆ ಸಿಕ್ಕ ಹುಡುಗನ ಸ್ಥಿತಿ. ಈ ಒಂದು ಹಾಡಿಗೆ ಆ ಸೆಟ್ ಕೊಳ್ಳಬಹುದು. ಉಳಿದವರೆಲ್ಲ ಅವನ ಮಟ್ಟದಲ್ಲಿಲ್ಲ ಅಂತ ನನಗೆ ಅನ್ನಿಸಿತು. ಅವನನ್ನು ಕಣ್ಣಾರೆ ನೋಡಬೇಕು ಅಂದರೆ 1959ರ ಕ್ರಿಸ್‌ಮಸ್ಸಿನಂದು ಮ್ಯೂನಿಕ್‌ನಲ್ಲಿ ಟಿವಿಗೆ ಮಾಡಿದ ರೊಸೀನಿಯ ‘ಸೆವಿಲ್ಲಾದ ಕ್ಷೌರಿಕ’ ಇದೆ. ಕ್ಷೌರಿಕನಾಗಿ ಅವನ ಗೆಳೆಯ ಹೆರ್ಮನ್ ಪ್ರೈ. ಇಟಾಲಿಯನ್ ಒಪೆರಾ, ಆದರೆ ಹಾಡುವುದು ಜರ್ಮನ್‌ನಲ್ಲಿ. ಆಗ ಇಲ್ಲಿ ಅದೇ ರೂಢಿ. ಅವನು ಹಾಡಿದ ಇಟಾಲಿಯನ್, ರಷ್ಯನ್ ಹಾಡುಗಳೆಲ್ಲ ಹೆಚ್ಚಾಗಿ ಜರ್ಮನ್‌ನಲ್ಲೇ ಸಿಗುತ್ತವೆ. ಕೆಲವರಿಗೆ ಇದು ಕಸಿವಿಸಿ. ಡಬ್ಬಿಂಗ್ ಸಿನಿಮಾ ನೋಡಿ ಅಭ್ಯಾಸ ಇರುವ ನಮಗೇನೂ ಆಗುವುದಿಲ್ಲ.

ಇಷ್ಟೆಲ್ಲ ಹೆಸರು ಮಾಡಿದವನು ಸಣ್ಣ ಹಾಡಿನಲ್ಲಿ, ಒಂದೇ ಪಿಯಾನೊ ಜೊತೆ ಹಾಡುವ ಲೀಡ್‌ನಲ್ಲಿ, ಮತ್ತೆ ಮೊದಲಿನಿಂದ ಕಲಿಯಲು ಕೂತ. ಕಲಿಸಿದವರು ಗೀಸನ್. ಇವನಿಗಿಂತ ಮೂವತ್ತು ವರ್ಷಕ್ಕೂ ಜಾಸ್ತಿ ಹಿರಿಯರು. ನಾನು ಎರಡೂ ಸಿಡಿ ಕೇಳಿ ಅಂತ ಹೇಳುವುದು ಇದಕ್ಕೇ. ಎಡಿನ್‌ಬರೋ ಸಿಡಿಯನ್ನು ಜನ ಕೊಳ್ಳುವುದು ಸಾವಿನ ಕುತೂಹಲಕ್ಕೆ. ‘ಕೊನೆಯ ಕಛೇರಿ’ ಅಂತ ಮುಂದೆ ಬರೆದಿದ್ದರೆ ಯಾರಿಗೆ ಬೇಡ? ನಾನೂ ಅದಕ್ಕೇ ಕೊಂಡದ್ದು. ಕೇಳಿದರೆ ಸಾವಿನ ಸುಳಿವು ಎಲ್ಲೂ ಇಲ್ಲ. ಕಲಿಯುತ್ತಿರುವ ಒಬ್ಬನ ದನಿ ಇದೆ ಅಷ್ಟೇ.

ಎರಡನ್ನೂ ಅಕ್ಕಪಕ್ಕ ಇಟ್ಟು ಹದಿಮೂರನೇ ಹಾಡು ಕೇಳಿ. ‘ಕನಸಿನಲ್ಲಿ ಅತ್ತಿದ್ದೆ’ ಅಂತ ಶುರುವಾಗುವುದು. ದನಿ ಒಂಟಿಯಾಗಿ ಒಂದು ಸಾಲು ಹಾಡುತ್ತದೆ. ಪಿಯಾನೊ ಸುಮ್ಮನಿರುತ್ತದೆ. ಸಾಲು ಮುಗಿದ ಮೇಲೆ ಕೆಳಗಿನಿಂದ ಎರಡು ಮೂರು ತುಂಡು ಸ್ವರ. ಮತ್ತೆ ಮೌನ. ರಾತ್ರಿ ಮೂರು ಗಂಟೆಗೆ ವಾರ್ಡಿನ ಕಾರಿಡಾರ್ ಹೀಗೇ ಇರುತ್ತದೆ. ಯಾರೋ ನಿದ್ದೆಯಲ್ಲಿ ಒಂದು ಮಾತು ಆಡುತ್ತಾರೆ. ದೂರದಲ್ಲೆಲ್ಲೋ ಮೆಷಿನ್ ಎರಡು ಸಲ ಕುಂಯ್ ಅನ್ನುತ್ತದೆ. ಆಮೇಲೆ ಏನೂ ಇಲ್ಲ. ಮ್ಯೂನಿಕ್‌ನಲ್ಲಿ ಅವನು ಈ ಹಾಡನ್ನು ಬಹಳ ಚೆಂದವಾಗಿ ಹಾಡಿದ್ದಾನೆ. ಸ್ವಲ್ಪ ಜಾಸ್ತಿಯೇ ಚೆಂದ. ಅಳುವವನ ದನಿ ಅಷ್ಟು ನೀಟಾಗಿ ಇರುತ್ತದಾ? ಎಡಿನ್‌ಬರೋದಲ್ಲಿ ಚೆಂದ ಮಾಡುವ ಆಸೆ ಕಡಿಮೆಯಾಗಿದೆ. ಮಾತಿಗೆ ಹತ್ತಿರ ಬಂದಿದ್ದಾನೆ. ಒಂದೆರಡು ಕಡೆ ದನಿ ಒರಟು. ನನಗೆ ಅದೇ ಇಷ್ಟ. ಅಜ್ಜಿಗೆ ಮ್ಯೂನಿಕ್‌ನದೇ ಇಷ್ಟ. ಈ ವಿಷಯದಲ್ಲಿ ನಾವಿಬ್ಬರೂ ಸುಮಾರು ಸಲ ಜಗಳ ಆಡಿದ್ದೇವೆ, ಕಾಫಿ ಕುಡಿಯುತ್ತಾ.

ದನಿಯ ಗುಣಮಟ್ಟ ಕೇಳಿದರೆ ಮ್ಯೂನಿಕ್‌ನದು ಮುಂದೆ. ಅರವತ್ತು ವರ್ಷ ಹಳೆಯದು ಅನ್ನಿಸುವುದೇ ಇಲ್ಲ. ಎಡಿನ್‌ಬರೋದ್ದು ಅಷ್ಟು ಸ್ವಚ್ಛವಾಗಿಲ್ಲ. ನನ್ನ ಸಣ್ಣ ಸ್ಪೀಕರಿನಲ್ಲಿ ಪಿಯಾನೊ ಪಕ್ಕದ ಕೋಣೆಯಲ್ಲಿ ಇದ್ದ ಹಾಗಿತ್ತು. ಹೆಡ್‌ಫೋನ್ ಹಾಕಿದರೆ ಪರವಾಗಿಲ್ಲ. ನನ್ನ ಗಂಡ ಎರಡೂ ಮೊಬೈಲಿನಲ್ಲೇ ಸಿಗುತ್ತದಲ್ಲ, ದುಡ್ಡು ಯಾಕೆ ಹಾಳು ಮಾಡುತ್ತೀ ಅಂದರು. ಸಿಗುತ್ತದೆ, ನಿಜ. ಆದರೆ ಅವರ ಮೊಬೈಲಿನಲ್ಲಿ ಹಾಡುಗಳನ್ನು ಕಲಸಿ ಹಾಕುವ ಗುಂಡಿ ಯಾವಾಗಲೂ ಒತ್ತಿಯೇ ಇರುತ್ತದೆ. ಒಂಬತ್ತನೇ ಹಾಡಿನಲ್ಲಿ ಹುಡುಗಿಯ ಮದುವೆಯ ವಾದ್ಯ, ಆಮೇಲೆ ಮೊದಲ ಹಾಡಿನ ಮೇ ತಿಂಗಳು. ಕತೆ ಹಿಂದು ಮುಂದು. ಸಿಡಿಯಾದರೆ ಆ ಕಾಟ ಇಲ್ಲ.

ಸಾವಿನ ವಿಷಯ ಬರೆಯಬಾರದು ಅಂತಿದ್ದೆ. ಆದರೆ ನನ್ನ ಕೆಲಸವೇ ಅದು, ಬಿಡಲಾಗಲಿಲ್ಲ. 1966ರ ಸೆಪ್ಟೆಂಬರಿನಲ್ಲಿ ರಜೆಗೆ ಅಂತ ಮೌಲ್‌ಬ್ರೊನ್ ಹತ್ತಿರದ ಓಬರ್‌ಡೆರ್ಡಿಂಗನ್‌ಗೆ, ಸ್ನೇಹಿತರ ಮನೆಗೆ ಹೋಗಿದ್ದ. ಅಲ್ಲಿ ಮೆಟ್ಟಿಲಿಂದ ಬಿದ್ದ. ತಲೆಗೆ ಪೆಟ್ಟು. 17ರಂದು ಹೈಡೆಲ್‌ಬರ್ಗಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ತೀರಿಹೋದ. 36 ತುಂಬಲು ಒಂಬತ್ತು ದಿನ ಇತ್ತು. ಮುಂದಿನ ತಿಂಗಳು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಸಲ ಹಾಡಬೇಕಿತ್ತು. ಶೂ ಲೇಸ್ ಕಟ್ಟಿರಲಿಲ್ಲ ಅಂತ ಹೇಳುತ್ತಾರೆ. ಹಿಡಿದುಕೊಂಡ ಹಗ್ಗದ ಕೈಹಿಡಿ ಕಿತ್ತುಬಂತು ಅಂತಲೂ ಹೇಳುತ್ತಾರೆ.

ನಮ್ಮ ವಾರ್ಡಿನಲ್ಲಿ ಯಾರಾದರೂ ಬಿದ್ದರೆ ಒಂದು ಫಾರಂ ತುಂಬಬೇಕು. ಎಷ್ಟು ಗಂಟೆಗೆ ಬಿದ್ದರು, ಕಾಲಿಗೆ ಏನು ಹಾಕಿದ್ದರು, ಹಿಮ್ಮಡಿ ಮುಚ್ಚಿತ್ತಾ, ದೀಪ ಇತ್ತಾ, ಹಿಡಿದುಕೊಳ್ಳಲು ಏನಾದರೂ ಇತ್ತಾ. ರೋಗಿ ಸೇರುವಾಗಲೇ ಬೀಳುವ ಸಾಧ್ಯತೆ ಎಷ್ಟು ಅಂತ ಅಂಕ ಹಾಕುತ್ತೇವೆ. ಹಿಂದೆ ಬಿದ್ದಿದ್ದರೆ ಅಂಕ, ಕಣ್ಣು ಮಂಜಾದರೆ ಅಂಕ, ನಿದ್ದೆ ಮಾತ್ರೆಗೆ ಅಂಕ. ಒಂದು ರಾತ್ರಿ ಸುಮ್ನೆ ಕೂತಿದ್ದಾಗ ಅವನ ಅಂಕ ಲೆಕ್ಕ ಹಾಕಿದೆ. 35 ವರ್ಷ, ಗಟ್ಟಿಮುಟ್ಟು, ಬೇಟೆಗೆ ಹೋಗುವವನು. ಸೊನ್ನೆ ಬಂತು. ನಮ್ಮ ಫಾರಂ ಪ್ರಕಾರ ಅವನು ಬೀಳುವವನೇ ಅಲ್ಲ.

ಆಗ ವಾದ್ಯವೃಂದ ನಡೆಸುತ್ತಿದ್ದ ಕಾರಾಯಾನ್ ಜೊತೆ ಹೈಡನ್‌ನ ‘ಸೃಷ್ಟಿ’ ರೆಕಾರ್ಡಿಂಗ್ ಅರ್ಧಕ್ಕೆ ನಿಂತಿತ್ತು. ದೇವದೂತನ ದೊಡ್ಡ ಹಾಡುಗಳು ಆಗಿದ್ದವು, ಮಧ್ಯದ ಮಾತಿನ ಭಾಗ ಉಳಿದಿತ್ತು. ಅದನ್ನು ಆಮೇಲೆ ವೆರ್ನರ್ ಕ್ರೆನ್ ಹಾಡಿದರು. ಆ ಸೆಟ್‌ನಲ್ಲಿ ಒಬ್ಬನೇ ದೇವದೂತ, ಎರಡು ದನಿ. ಕ್ರೆನ್ ಚೆನ್ನಾಗಿಯೇ ಹಾಡಿದ್ದಾರೆ, ಪಾಪ. ಆದರೂ ಒಂದು ದನಿ ನಿಂತು ಇನ್ನೊಂದು ಶುರುವಾಗುವ ಕಡೆ ಪ್ರತಿಸಲ ಕಿವಿ ಚುರುಕಾಗುತ್ತದೆ. ಶಿಫ್ಟ್ ಬದಲಾದಾಗ ಹಾಸಿಗೆಯ ಪಕ್ಕ ಬೇರೆ ಮುಖ ನೋಡಿದ ರೋಗಿಯ ಹಾಗೆ.

ಈಗ ಹದಿನಾರನೇ ಹಾಡು. ಡಿಶ್ಟರ್‌ಲೀಬೆಯ ಕೊನೆಯದು. ಹುಡುಗ ಹೇಳುತ್ತಾನೆ, ಹಳೆಯ ಕೆಟ್ಟ ಹಾಡುಗಳನ್ನೂ ಕೆಟ್ಟ ಕನಸುಗಳನ್ನೂ ಹೂಳೋಣ, ದೊಡ್ಡ ಶವಪೆಟ್ಟಿಗೆ ತನ್ನಿ. ಎಷ್ಟು ದೊಡ್ಡದು? ಹೈಡೆಲ್‌ಬರ್ಗಿನ ಪೀಪಾಯಿಗಿಂತ ದೊಡ್ಡದು!

ಮೊದಲ ಸಲ ಕೇಳಿದಾಗ ಪಾತ್ರೆ ತೊಳೆಯುತ್ತಿದ್ದೆ. ನಮ್ಮೂರಿನ ಹೆಸರು ಕಿವಿಗೆ ಬಿತ್ತು. ನೀರು ನಿಲ್ಲಿಸಿ ಮತ್ತೆ ಹಾಕಿದೆ. ಹೌದು, ಅದೇ. ಆ ಪೀಪಾಯಿ ಇಲ್ಲಿಯ ಕೋಟೆಯಲ್ಲಿ ಇದೆ. ಊರಿಂದ ಯಾರೇ ಬಂದರೂ ನಾನು ಕರೆದುಕೊಂಡು ಹೋಗಿ ತೋರಿಸುವುದು ಅದನ್ನೇ. 1751ರಲ್ಲಿ ಕಟ್ಟಿದ ವೈನ್ ಪೀಪಾಯಿ. ಸುಮಾರು 2,20,000 ಲೀಟರ್ ಹಿಡಿಯುತ್ತದೆ. ಮರದ ಮೆಟ್ಟಿಲು ಹತ್ತಿ ಅದರ ತಲೆಯ ಮೇಲೆ ನಿಲ್ಲಬಹುದು. ಕಳೆದ ವರ್ಷ ಅಮ್ಮ ಬಂದಾಗ ಕೆಳಗೆ ನಿಂತು ಕತ್ತೆತ್ತಿ ನೋಡಿ, “ಇಷ್ಟು ನೀರು ಹಿಡಿದಿಟ್ಟರೆ ನಮ್ಮ ವಠಾರಕ್ಕೆ ಬೇಸಿಗೆ ಪೂರ್ತಿ ಸಾಕಲ್ವಾ” ಅಂದಿದ್ದರು.

ಪದ್ಯದಲ್ಲಿ ಇನ್ನೂ ಇದೆ. ಚಟ್ಟ ಮೈಂಟ್ಸ್ ಊರಿನ ಸೇತುವೆಗಿಂತ ಉದ್ದ ಬೇಕು. ಹೊರಲು ಹನ್ನೆರಡು ರಾಕ್ಷಸರು ಬೇಕು. ಅದನ್ನು ಸಮುದ್ರಕ್ಕೆ ಹಾಕಬೇಕು. ಅಷ್ಟು ಭಾರ ಯಾಕೆ ಗೊತ್ತಾ, ನನ್ನ ಪ್ರೀತಿಯನ್ನೂ ನೋವನ್ನೂ ಅದರಲ್ಲೇ ಹಾಕಿದ್ದೇನೆ ಅನ್ನುತ್ತಾನೆ. ವುಂಡರ್‌ಲಿಶ್ ಇದನ್ನು ಮೊದಲು ಜಂಬದಿಂದ ಹಾಡುತ್ತಾನೆ, ಮದುವೆ ಮನೆಯಲ್ಲಿ ಪೆಂಡಾಲ್ ಹಾಕಿಸುವವನ ಹಾಗೆ. ಅದು ತನ್ನಿ, ಇದು ತನ್ನಿ. ಕೊನೆಯ ಸಾಲಿಗೆ ದನಿ ಇಳಿಯುತ್ತದೆ. ಆಮೇಲೆ ಅವನು ಹಾಡುವುದಿಲ್ಲ. ಪಿಯಾನೊ ಮಾತ್ರ ಒಂದು ನಿಮಿಷಕ್ಕೂ ಜಾಸ್ತಿ ನುಡಿಯುತ್ತದೆ. ಮೆಲ್ಲಗೆ, ಸಮಾಧಾನ ಮಾಡುವವರ ಹಾಗೆ. ಸ್ಟುಡಿಯೋದಲ್ಲಾದರೆ ಹಾಡುಗಾರ ಪಕ್ಕಕ್ಕೆ ಹೋಗಿ ನೀರು ಕುಡಿಯಬಹುದು. ಎಡಿನ್‌ಬರೋದಲ್ಲಿ ಅವನು ಜನರ ಮುಂದೆ ಕೈ ಇಳಿಬಿಟ್ಟು ನಿಂತೇ ಇರಬೇಕು. ಆ ಸಿಡಿಯಲ್ಲಿ ನಾನು ಹೆಚ್ಚು ಸಲ ಕೇಳಿರುವುದು ಅವನು ಹಾಡದೇ ಇರುವ ಈ ಒಂದು ನಿಮಿಷ.

ಇದನ್ನು ಬರೆದ ಶೂಮನ್ ಕೂಡ 1829–30ರಲ್ಲಿ ಇದೇ ಊರಿನಲ್ಲಿ ಕಾನೂನು ಓದಲು ಬಂದು, ಓದು ಬಿಟ್ಟು ಸಂಗೀತಕ್ಕೆ ಹೋದವನು. ಪೀಪಾಯಿ ನೋಡದೇ ಇದ್ದಿರಲಾರ.

ಯಾವುದನ್ನು ಕೊಳ್ಳಬೇಕು ಅಂತ ಕೇಳಿದರೆ, ಮೊದಲು ಮ್ಯೂನಿಕ್. ಹೊಸದನ್ನೇ ಕೊಳ್ಳಿ, ಪುಸ್ತಿಕೆ ಇರುವುದನ್ನು. ಒಂದು ತಿಂಗಳು ಅದನ್ನೇ ಕೇಳಿ. ಹಾಡುಗಳು ಬಾಯಿಗೆ ಬಂದ ಮೇಲೆ ಎಡಿನ್‌ಬರೋ ತರಿಸಿ. ಮೊದಲೇ ಎರಡನೆಯದನ್ನು ಕೇಳಿದರೆ ಹಳೆಯ ರೆಕಾರ್ಡ್ ಅನ್ನಿಸಿ ಬದಿಗಿಡುವ ಅಪಾಯ ಇದೆ. ಬೀಟೋವನ್ ಹಾಡುಗಳಲ್ಲಿ ‘ಅಡೆಲೈಡೆ’ ಬಿಡಬೇಡಿ. ಹೆಸರು ಒಂದನ್ನೇ ಎಷ್ಟು ಬಗೆಯಲ್ಲಿ ಕರೆಯಬಹುದು ಅಂತ ಗೊತ್ತಾಗುತ್ತದೆ. ಶೂಬರ್ಟ್‌ನ ಭಾಗದಲ್ಲಿ ಒಂದೆರಡು ನನಗೆ ಬೋರು ಹೊಡೆಸಿದವು. ನೈಟ್ ಡ್ಯೂಟಿ ಮುಗಿಸಿ ಬಂದು ಕೇಳಿದ್ದಕ್ಕೂ ಇರಬಹುದು.

ಅಜ್ಜಿಗೆ 1966ರಲ್ಲಿ 28 ವರ್ಷ. ಅಂಚೆ ಕಚೇರಿಯಲ್ಲಿ ಕೆಲಸ. ಸುದ್ದಿ ಬಂದಾಗ ರೇಡಿಯೊದಲ್ಲಿ ಅವನದೇ ಹಾಡು ಹಾಕಿದರಂತೆ. “ನನ್ನ ಅಮ್ಮ ಎದ್ದು ಹೋಗಿ ರೇಡಿಯೊ ಆಫ್ ಮಾಡಿದರು” ಅಂದರು. ಎಡಿನ್‌ಬರೋ ಸಿಡಿಯನ್ನು ಅವರಿಗೆ ಕೇಳಿಸಲು ಎರಡು ಸಲ ತೆಗೆದುಕೊಂಡು ಹೋದೆ. ಎರಡನೇ ಸಲ ಹದಿನೈದನೇ ಹಾಡಿನವರೆಗೆ ಕೇಳಿ, “ಇವತ್ತಿಗೆ ಸಾಕು, ನೀವು ಬೆಳಿಗ್ಗೆ ಬೇಗ ಏಳಬೇಕಲ್ಲ” ಅಂದರು. ನನಗೆ ಮರುದಿನ ರಜೆ ಅಂತ ಅವರಿಗೆ ಗೊತ್ತಿತ್ತು.

ಪುಸ್ತಿಕೆಗಾಗಿ ಮಾರಿದವರಿಗೆ ಮೂರು ಮೇಲ್ ಬರೆದೆ. ಇನ್ನೂ ಉತ್ತರ ಇಲ್ಲ. ಕೊನೆಗೆ ಅಜ್ಜಿಯೇ ತಮ್ಮ ಹಳೆಯ ಎಲ್‌ಪಿಯೊಳಗಿದ್ದ ಪದ್ಯದ ಹಾಳೆಯನ್ನು ಕೊಟ್ಟು ಜೆರಾಕ್ಸ್ ಮಾಡಿಸಿಕೊಳ್ಳಿ ಅಂದರು. ಅಂಚು ಹಳದಿಯಾದ ಹಾಳೆ. ಹದಿನಾರನೇ ಹಾಡಿನಲ್ಲಿ ‘ಹೈಡೆಲ್‌ಬರ್ಗ್’ ಅನ್ನುವ ಪದದ ಕೆಳಗೆ ಪೆನ್ಸಿಲಿನ ಗೆರೆ. ಯಾವಾಗ ಎಳೆದದ್ದು ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು.

“ಇದು ನನ್ನ ಗೆರೆ ಅಲ್ಲ. ಅಮ್ಮನದು” ಅಂದರು.